ತೆರಿಗೆ ಪಾಲನೆ ಮತ್ತು ಆರ್ಥಿಕ ಬೆಳವಣಿಗೆ

ತೆರಿಗೆ ಪಾಲನೆ ಎಂದರೆ ಕಾನೂನು ಗೊತ್ತುಮಾಡಿದ ತೆರಿಗೆಯನ್ನು ವಾಯಿದೆಯೊಳಗೆ, ಲೆಕ್ಕ ಮುಚ್ಚಿಡದೆ ಕಟ್ಟುವುದು. ದೇಶದ ಬೆಳವಣಿಗೆಗೆ ಇದು ಬೇಕೆಂದು ಹೆಚ್ಚಿನವರು ಒಪ್ಪುತ್ತಾರೆ. ಆದರೆ ಬೊಕ್ಕಸಕ್ಕೆ ಎಷ್ಟು ಬಂತು ಎಂಬುದಕ್ಕಿಂತ ಹೇಗೆ ಬಂತು ಎಂಬುದೇ ಮುಖ್ಯವೆನ್ನಲು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆ, ಅಲ್ಲಿನ ಗೆಟ್ಟವಾಡಿಯಂಥ ಕನ್ನಡ ಹಳ್ಳಿಗಳು, ಒಳ್ಳೆಯ ಸಾಕ್ಷಿ.

1799ರಲ್ಲಿ ಟಿಪ್ಪು ಸುಲ್ತಾನನ ಪತನದೊಂದಿಗೆ, ತಾಳವಾಡಿಯೂ ಸೇರಿದ್ದ ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಪಕ್ಕದ ಮೈಸೂರು ಒಡೆಯರಿಗೆ ಮರಳಿತು. ಮೈಸೂರಿನಲ್ಲಿ ಶರ್ತಿ ಪದ್ಧತಿ ಬೆಳೆಯಿತು: ತಾಲೂಕಿನ ಅಧಿಕಾರಿಯಾದ ಅಮಲ್ದಾರ ಇಂತಿಷ್ಟು ಹಣ ಸಲ್ಲಿಸುವುದಾಗಿ ಮುಚ್ಚಳಿಕೆ ಬರೆದುಕೊಟ್ಟರಾಯಿತು, ರೈತನನ್ನು ಹೇಗೆ ಹಿಂಡಿದರೂ ಕೇಳುವವರಿಲ್ಲ. ಅದರ ಫಲ 1830–31ರ ನಗರ ಸೀಮೆಯ ರೈತದಂಗೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಕೊಯಮತ್ತೂರು ಸೇರಿದ್ದ ಮದ್ರಾಸ್ ಪ್ರಾಂತದ ರೈತವಾರಿ ಪದ್ಧತಿಯಲ್ಲಿ ಪಟ್ಟಾ ರೈತನ ಹೆಸರಿಗೇ ಇತ್ತು, ವರ್ಷಕ್ಕೊಮ್ಮೆ ಕಂದಾಯ ಲೆಕ್ಕದ ಜಮಾಬಂದಿ ನಡೆಯುತ್ತಿತ್ತು. ಕಾಗದದ ಮೇಲೆ ಇದೇ ಮೇಲು. ದರ ಮಾತ್ರ ಹೊರಲಾರದಷ್ಟು. ನಿಜಾಮನಿಂದ ಕಂಪನಿಗೆ ಬಂದ, ಬಳ್ಳಾರಿಯೂ ಸೇರಿದ್ದ ದತ್ತಮಂಡಲಗಳಲ್ಲಿ ಕಂದಾಯವನ್ನು ಕಾಲುಭಾಗ ಇಳಿಸಬೇಕೆಂದು ಅಲ್ಲಿನ ಕಲೆಕ್ಟರ್ ಥಾಮಸ್ ಮನ್ರೊ 1807ರಲ್ಲೇ ಶಿಫಾರಸು ಮಾಡಿದ್ದ. ತಾನೇ 1820ರಲ್ಲಿ ಮದ್ರಾಸಿನ ಗವರ್ನರ್ ಆದಮೇಲಷ್ಟೇ ಅದು ಜಾರಿಗೆ ಬಂತು. ಕಂದಾಯಕ್ಕಾಗಿ ರೈತರನ್ನು ಬಗ್ಗಿಸಿ ಕಟ್ಟಿಹಾಕುವುದು, ಮರದ ಇಕ್ಕುಳದಲ್ಲಿ ಬೆರಳು ಅದುಮುವುದು ಇವೆಲ್ಲ 1855ರ ಮದ್ರಾಸ್ ಚಿತ್ರಹಿಂಸೆ ಆಯೋಗದ ವರದಿಯಲ್ಲಿವೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಇಂಥ ವಸೂಲಿಯೂ ಲೆಕ್ಕದ ಪುಸ್ತಕದಲ್ಲಿ ಪಾಲನೆಯೇ. ಆದರೆ ಬಾವಿ ತೋಡಿದರೆ ಕಂದಾಯ ಏರೀತೆಂದು ಹೆದರಿದ ರೈತ ಬಾವಿ ತೋಡುವುದಿಲ್ಲ.

1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಗಡಿ ದಾಟುವ ವ್ಯಾಪಾರಕ್ಕೆ ಎರಡು ರಾಜ್ಯಗಳ ಬೇರೆಬೇರೆ ತೆರಿಗೆ, ತನಿಖಾ ಠಾಣೆಗಳ ಕಾಟ. 2017ರ ಜುಲೈ 1ರಂದು ಜಿಎಸ್‌ಟಿ ಬಂದಮೇಲೆ ಆ ಠಾಣೆಗಳು ತೆರವಾದವು. ಕೊಂಡ ವ್ಯಾಪಾರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯ ವಜಾ, ಸಿಗಬೇಕಾದರೆ ಮಾರಿದವನು ಬಿಲ್ಲು ತೋರಿಸಿರಬೇಕು. ಹೀಗೆ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಕಾಯುವಂತಾಯಿತು. 2023–24ರಲ್ಲಿ ದೇಶದ ಒಟ್ಟು ಜಿಎಸ್‌ಟಿ ಸಂಗ್ರಹ 20.18 ಲಕ್ಷ ಕೋಟಿ ರೂಪಾಯಿ. ಎಲೆಕೋಸು ಬೆಳೆಯುವ ಬೆಟ್ಟದ ರೈತ ಮಾತ್ರ ಈ ಸರಪಳಿಯ ಹೊರಗೆ. ಹಸಿ ತರಕಾರಿಗೆ ತೆರಿಗೆಯಿಲ್ಲ, ಗೊಬ್ಬರಕ್ಕೆ ಶೇ. 5, ರಾಸಾಯನಿಕ ಕೀಟನಾಶಕಕ್ಕೆ ಶೇ. 18, ಮಾರುವ ಸರಕಿಗೆ ವಿನಾಯಿತಿ ಇರುವುದರಿಂದ ಕೊಟ್ಟ ತೆರಿಗೆ ವಾಪಸು ಬರುವುದಿಲ್ಲ. ಟೆಂಪೊಗೆ ಹಾಕಿಸುವ ಡೀಸೆಲ್ ಮೇಲೆ ರಾಜ್ಯದ ವ್ಯಾಟ್ ಬೇರೆ. ರೈತ ತೆರಿಗೆ ಕಟ್ಟುವುದಿಲ್ಲ ಎನ್ನುವವರು ಈ ಬಿಲ್ಲುಗಳನ್ನು ನೋಡಿದಂತಿಲ್ಲ.

ಶ್ರೀಮಂತ ದೇಶಗಳು ಶ್ರೀಮಂತವಾದ್ದರಿಂದಲೇ ಹೆಚ್ಚು ತೆರಿಗೆ ಎತ್ತುತ್ತವೆ, ತೆರಿಗೆಯಿಂದ ಶ್ರೀಮಂತಿಕೆ ಬಂದದ್ದಲ್ಲ ಎಂಬ ಆಕ್ಷೇಪ ಹಗುರವಾದುದಲ್ಲ. 2016ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಂಶೋಧಕರು, ತೆರಿಗೆ ಸಂಗ್ರಹ ಜಿಡಿಪಿಯ ಸುಮಾರು ಶೇ. 12.75 ದಾಟಿದ ದೇಶಗಳಲ್ಲಿ ಮುಂದಿನ ದಶಕದ ಬೆಳವಣಿಗೆ ಚುರುಕಾದುದನ್ನು ಗುರುತಿಸಿದರು. ಇದರಿಂದ ಕಾರ್ಯಕಾರಣ ಸಂಬಂಧ ಪೂರ್ತಿ ಸಾಬೀತಾಗದಿದ್ದರೂ ಆಕ್ಷೇಪದ ಬಿಗಿ ಸಡಿಲಾಗುತ್ತದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದಿರುವುದೇ ಪಾಲನೆಯನ್ನು ಕೆಡಿಸುತ್ತದೆ ಎಂಬ ಇನ್ನೊಂದು ವಾದದಲ್ಲಿ ಅರ್ಧ ಸತ್ಯವಿದೆ. ಸಂವಿಧಾನದ ಪ್ರಕಾರ ಆ ತೆರಿಗೆಯ ಅಧಿಕಾರ ರಾಜ್ಯಗಳದ್ದು. ತಕ್ಕ ದಾಖಲೆ ನೋಡದೆಯೇ ಈ ವಿನಾಯಿತಿ ಕೊಟ್ಟ ಪ್ರಕರಣಗಳನ್ನು ಸರ್ಕಾರಿ ಲೆಕ್ಕ ತಪಾಸಣೆಯ ಸಂಸ್ಥೆಯಾದ ಸಿಎಜಿ 2019ರ ವರದಿಯಲ್ಲಿ ಎತ್ತಿ ತೋರಿಸಿತು. ಬೇರೆ ಆದಾಯವನ್ನು ಬೇಸಾಯದ್ದೆಂದು ತೋರಿಸಲು ದಾರಿಯಾಗುವುದು ಇಂಥ ಸಡಿಲಿಕೆಯೇ. ಬೆಟ್ಟದ ಮೇಲೆ ಎರಡು ಎಕರೆ ಬೇಸಾಯ ಮಾಡುವವನ ವರಮಾನ ವಿನಾಯಿತಿ ಇಲ್ಲದಿದ್ದರೂ ಆದಾಯ ತೆರಿಗೆಯ ಮಿತಿ ಮುಟ್ಟುವುದು ಅಪರೂಪ.