ಭೀಮಾತೀರದ ಎರೆಭೂಮಿಯೂ ರಣಹದ್ದುಗಳ ದೂರಸಂಚಾರವೂ

ಪ್ರಾಚೀನ ಕಾವ್ಯಗಳ ರಣಭೂಮಿವರ್ಣನೆಗಳಲ್ಲಿ ಹದ್ದುಗಳ ನೆರವಿಯು ಬರುವುದು ವಾಚಕರಿಗೆ ವಿದಿತವೇ ಇದೆ. ಕನ್ನಡದಲ್ಲಿ ಆ ಪಕ್ಷಿಗೆ ರಣಹದ್ದೆಂದೇ ಹೆಸರು ನಿಂತಿತು. ಆದರೆ ಹೆಸರೊಂದನ್ನೇ ನಂಬಿ ಪಕ್ಷಿಯ ಚರಿತ್ರೆಯನ್ನು ನಿರ್ಣಯಿಸಲಾಗದು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸೀಮೆಯನ್ನೇ ನೋಡೋಣ. ಇದಕ್ಕೆ ದೂರವಲ್ಲದ ಮಾನ್ಯಖೇಟವು ಕ್ರಿ. ಶ. 972ರಲ್ಲಿ ಪರಮಾರ ಸೀಯಕನಿಂದ ಸೂರೆಗೊಂಡಿತು. 1347ರಲ್ಲಿ ಸ್ಥಾಪಿತವಾದ ಬಹಮನೀ ರಾಜ್ಯಕ್ಕೆ ಕಲಬುರಗಿಯು ರಾಜಧಾನಿಯಾಗಿದ್ದಿತು. ಯುದ್ಧಗಳಿಗೇನೂ ಕೊರತೆಯಿಲ್ಲ. ಆದರೂ ಯುದ್ಧವು ಆಗೊಮ್ಮೆ ಈಗೊಮ್ಮೆ ಬರತಕ್ಕದ್ದು, ಹಸಿವೆಯಾದರೋ ನಿತ್ಯದ್ದು. ಈ ಪಕ್ಷಿಯನ್ನು ಸಾಕಿದುದು ಅರಸರ ಕಾಳಗವಲ್ಲ, ಒಕ್ಕಲಿಗನ ಎತ್ತು ಎಂದೇ ನನ್ನ ಅಭಿಪ್ರಾಯ. ಸತ್ತ ದನವನ್ನು ಊರಹೊರಗೆ ಎಳೆದುಹಾಕುವ ರೂಢಿಯು ಅದಕ್ಕೆ ಶತಮಾನಗಳ ಅನ್ನಸತ್ರವಾಗಿದ್ದಿತು. 1876–78ರ ಕ್ಷಾಮದಂತಹ ಕಾಲದಲ್ಲಿ ಆ ಸತ್ರವು ಎಷ್ಟು ಘೋರವಾಗಿ ತುಂಬಿತ್ತೆಂಬುದನ್ನು ಊಹಿಸಬಹುದು.

ಇನ್ನು ಗಾಳಿಯ ವಿಚಾರ. ಸುಮಾರು 5–6 ಕಿಲೋಗ್ರಾಂ ತೂಕದ ಈ ದೇಹವನ್ನು ರೆಕ್ಕೆ ಬಡಿದೇ ಬಹುದೂರ ಸಾಗಿಸುವುದು ಅಸಾಧ್ಯ. ಬಿಸಿಲೇರಿ ನೆಲ ಕಾದಮೇಲೆ ಮೇಲೇಳುವ ಬಿಸಿಗಾಳಿಯಲ್ಲಿ ಸುತ್ತುತ್ತ ಏರಿ, ಅಲ್ಲಿಂದ ಜಾರುತ್ತ ಮುಂದಿನ ಗಾಳಿಯನ್ನು ಹಿಡಿಯುವುದೇ ಅದರ ಪ್ರಯಾಣಕ್ರಮ. ಮರಗಳು ವಿರಳವಾದ ಈ ಎರೆಯ ಬಯಲು ಬೇಸಗೆಯಲ್ಲಿ ಅದಕ್ಕೆ ರಾಜಮಾರ್ಗವೇ ಸರಿ. ಮಳೆಗಾಲದ ಮುಗಿಲು ಕವಿದರೆ ಆ ಮಾರ್ಗವು ಸೊರಗುವುದು. ಉದ್ದ ಕೊಕ್ಕಿನ ರಣಹದ್ದು ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟತಕ್ಕದ್ದು. ಅಂತಹ ಬಂಡೆಗಳು ಈ ಬಯಲಿನಲ್ಲಿ ಅಪರೂಪವಾದುದರಿಂದ ಅದು ಇಲ್ಲಿಗೆ ಅತಿಥಿಯಾಗಿಯೇ ಬರಬೇಕು.

ಬರುವುದಾದರೂ ಹೇಗೆ? ವಾಸನೆ ಹಿಡಿದು ಬರುವುದೆಂಬ ಜನವಾರ್ತೆಯು ನಮ್ಮ ದೇಶದ ರಣಹದ್ದುಗಳ ಮಟ್ಟಿಗೆ ನಿಜವಲ್ಲ. ಒಂದು ಹಕ್ಕಿಯು ಇಳಿಯುವುದನ್ನು ಆಚೆಯದು ಕಾಣುವುದು, ಅದನ್ನು ಮತ್ತೂ ಆಚೆಯದು. ಹೀಗೆ ಸುದ್ದಿಯು ಆಕಾಶದಲ್ಲೇ ಹರಡುವುದು. ಕವಿಗಳು ಬಣ್ಣಿಸುವ ಆ ಹಠಾತ್ ನೆರವಿಗೆ ಕಾರಣವಿದೇ. ಅದು ಕೇವಲ ಕವಿಸಮಯವಲ್ಲ. ಹಕ್ಕಿಗಳು ವಿರಳವಾದಲ್ಲಿ ಈ ಸರಪಳಿಯೇ ಕಡಿಯುವುದು.

ಹಾಗೆಯೇ ಆಯಿತು. 1992ರಿಂದ 2007ರೊಳಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳು ಶೇಕಡಾ 99.9ರಷ್ಟು ಕ್ಷಯಿಸಿದುವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧವು ಕಳೇಬರದ ಮೂಲಕ ಅವುಗಳ ಮೂತ್ರಪಿಂಡಗಳನ್ನು ಕೆಡಿಸುವುದೆಂದು 2004ರಲ್ಲಿ ಪ್ರಕಟವಾಯಿತು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಗೆ 2006ರಲ್ಲಿ ನಿಷೇಧ ಬಂದಿತು. ಯುದ್ಧ, ಕ್ಷಾಮಗಳನ್ನು ದಾಟಿ ಬಂದ ಸಂಚಾರವು ಒಕ್ಕಲಿಗನ ಎತ್ತಿನಲ್ಲಿಯೇ ವಿಷವನ್ನುಂಡಿತು.

ರಾಮನಗರದ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತು. ಅಲ್ಲಿಂದ ಜೇವರ್ಗಿಗೆ 400 ಕಿಲೋಮೀಟರಿಗೆ ಮೀರಿದ ಹಾದಿ. ಬಿಸಿಗಾಳಿಯನ್ನು ಬಲ್ಲ ರೆಕ್ಕೆಗೆ ಆ ದೂರವು ದೊಡ್ಡದಲ್ಲ. ನಡುವೆ ಬೀಳುವ ದನವು ನಿರ್ವಿಷವಾಗಿರಬೇಕು, ಅಷ್ಟೆ.