ಕಥೆಗಾರರಿಗೆ ಹಬ್ಬದ ಉಡುಗೊರೆ: ಒಂದು ವರ್ಷದ ಬಿಡುವು

1956ರ ಕ್ರಿಸ್‌ಮಸ್ ಬೆಳಿಗ್ಗೆ. ನ್ಯೂಯಾರ್ಕಿನ ಒಂದು ಮನೆಯಲ್ಲಿ ಇಬ್ಬರು ಪುಟ್ಟ ಹುಡುಗರು ತಮಗೆ ಬಂದ ಆಟಿಕೆಗಳ ಪೊಟ್ಟಣ ಬಿಚ್ಚುವ ಸಡಗರದಲ್ಲಿದ್ದರು. ಹಬ್ಬಕ್ಕೆಂದು ಆ ಮನೆಗೆ ಬಂದಿದ್ದ ಗೆಳತಿಯ ಹೆಸರಿನಲ್ಲಿ ಮಾತ್ರ ಯಾವ ಪೊಟ್ಟಣವೂ ಇರಲಿಲ್ಲ. ತನ್ನನ್ನು ಮರೆತರೇ ಎಂದು ಆಕೆ ಅಂದುಕೊಳ್ಳುವಷ್ಟರಲ್ಲಿ ಮನೆಯವರು ಕ್ರಿಸ್‌ಮಸ್ ಮರದತ್ತ ಕೈ ತೋರಿಸಿದರು. ಕೊಂಬೆಗಳ ನಡುವೆ ಒಂದು ಲಕೋಟೆ ಸಿಕ್ಕಿಸಿತ್ತು. ಅದರೊಳಗಿನ ಚೀಟಿಯ ಸಾರಾಂಶ ಇಷ್ಟೇ: ಇನ್ನೊಂದು ವರ್ಷ ನೌಕರಿಗೆ ಹೋಗಬೇಕಾಗಿಲ್ಲ, ಇಷ್ಟಬಂದದ್ದನ್ನು ಬರೆಯಬಹುದು, ಖರ್ಚು ನಮ್ಮದು.

ಆ ಗೆಳತಿಯ ಹೆಸರು ಹಾರ್ಪರ್ ಲೀ. ಆಗ ಆಕೆಗೆ ಮೂವತ್ತು ವರ್ಷ. ಒಂದು ಪುಸ್ತಕವೂ ಪ್ರಕಟವಾಗಿರಲಿಲ್ಲ. ಲಕೋಟೆ ಇಟ್ಟವರು ಹಾಡು ಮತ್ತು ಸಂಗೀತ ನಾಟಕಗಳನ್ನು ರಚಿಸುತ್ತಿದ್ದ ಮೈಕಲ್ ಬ್ರೌನ್ ಮತ್ತು ಅವರ ಪತ್ನಿ ಜಾಯ್. ಮೂರೂವರೆ ವರ್ಷಗಳ ನಂತರ, 1960ರ ಜುಲೈಯಲ್ಲಿ, ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಹೊರಬಂತು. ಇಪ್ಪತ್ತನೆಯ ಶತಮಾನದಲ್ಲಿ ಅತಿ ಹೆಚ್ಚು ಜನ ಓದಿದ ಅಮೆರಿಕನ್ ಕಾದಂಬರಿಗಳಲ್ಲಿ ಅದೂ ಒಂದು.

ಹಬ್ಬ ಬಂತೆಂದರೆ ಉಡುಗೊರೆಯ ಚಿಂತೆ ಎಲ್ಲರಿಗೂ ಇದ್ದದ್ದೇ. ಕಥೆ ಬರೆಯುವವರಿಗೆ ಏನು ಕೊಡಬೇಕು ಎಂಬುದು ಅದರಲ್ಲೂ ತೊಡಕಿನ ಪ್ರಶ್ನೆ. ಒಳ್ಳೆಯ ಪೆನ್ನು, ಚೆಂದದ ನೋಟ್‌ಪುಸ್ತಕ, ಹೆಚ್ಚೆಂದರೆ ಒಂದು ಶಬ್ದಕೋಶ ಎಂಬಲ್ಲಿಗೆ ನಮ್ಮ ಯೋಚನೆ ನಿಂತುಬಿಡುತ್ತದೆ. ಸಾಹಿತ್ಯ ಚರಿತ್ರೆಯಲ್ಲಿ ದಾಖಲಾಗಿರುವ ಕೆಲವು ಉಡುಗೊರೆಗಳನ್ನು ನೋಡಿದರೆ ಆ ಪ್ರಶ್ನೆಗೆ ಬೇರೆ ಉತ್ತರಗಳೂ ಇವೆ ಎಂಬುದು ತಿಳಿಯುತ್ತದೆ.

ತಂದೆ ತಂದ ಪೆಟ್ಟಿಗೆ

ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತ್ಯದ ಸ್ಟೀವನ್‌ಟನ್ ಎಂಬ ಹಳ್ಳಿಯ ಪಾದ್ರಿ ಜಾರ್ಜ್ ಆಸ್ಟಿನ್ 1794ರ ಡಿಸೆಂಬರ್ 5ರಂದು ಪಕ್ಕದ ಪೇಟೆಯ ಅಂಗಡಿಯಲ್ಲಿ ಒಂದು ಸಣ್ಣ ಮಹಾಗನಿ ಮರದ ಬರೆಯುವ ಪೆಟ್ಟಿಗೆ ಕೊಂಡರು. ಬೆಲೆ ಹನ್ನೆರಡು ಷಿಲಿಂಗ್. ಮುಚ್ಚಳ ತೆರೆದರೆ ಇಳಿಜಾರಾದ ಬರೆಯುವ ಹಲಗೆ, ಒಂದು ಉದ್ದನೆಯ ಡ್ರಾಯರ್, ಗಾಜಿನ ಮಸಿಕುಡಿಕೆ. ನಮ್ಮ ಹಳೆಯ ಶಾನುಭೋಗರ ಮನೆಗಳಲ್ಲಿದ್ದ ಲೆಕ್ಕದ ಪೆಟ್ಟಿಗೆಯನ್ನು ನೆನಪಿಸುವ ವಸ್ತು. ಅದೇ ತಿಂಗಳ 16ರಂದು ಅವರ ಮಗಳು ಜೇನ್‌ಗೆ ಹತ್ತೊಂಬತ್ತು ತುಂಬುವುದಿತ್ತು. ಪೆಟ್ಟಿಗೆ ಆ ಹುಟ್ಟುಹಬ್ಬದ ಕೊಡುಗೆಯೇ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಹೆಣ್ಣುಮಕ್ಕಳು ಕಾದಂಬರಿ ಬರೆದು ಹೆಸರು ಹಾಕಿಕೊಳ್ಳಲು ಹಿಂಜರಿಯುತ್ತಿದ್ದ ಕಾಲ ಅದು. ಜೇನ್ ಆಸ್ಟಿನ್ ಅವರ ಮೊದಲ ಕಾದಂಬರಿ 1811ರಲ್ಲಿ ಅಚ್ಚಾದಾಗಲೂ ಮುಖಪುಟದಲ್ಲಿ ಲೇಖಕಿಯ ಹೆಸರಿರಲಿಲ್ಲ. ‘ಒಬ್ಬ ಮಹಿಳೆ ಬರೆದದ್ದು’ ಎಂದಷ್ಟೇ ಇತ್ತು. ಅಂಥ ದಿನಗಳಲ್ಲಿ ತಂದೆಯೇ ಮಗಳಿಗೆ ಬರೆಯುವ ಪೆಟ್ಟಿಗೆ ತಂದುಕೊಟ್ಟದ್ದು, ‘ನಿನ್ನ ಬರವಣಿಗೆಗೆ ಈ ಮನೆಯಲ್ಲಿ ಅಡ್ಡಿಯಿಲ್ಲ’ ಎಂದು ಹೇಳಿದಂತೆಯೇ ಆಯಿತು. ತಂದೆಯ ಉತ್ಸಾಹ ಅಲ್ಲಿಗೇ ಮುಗಿಯಲಿಲ್ಲ. 1797ರ ನವೆಂಬರ್‌ನಲ್ಲಿ ಅವರು ಮಗಳ ಒಂದು ಕಾದಂಬರಿಯನ್ನು ಪ್ರಕಟಿಸುವಿರಾ ಎಂದು ಲಂಡನ್ನಿನ ಪ್ರಕಾಶಕರೊಬ್ಬರಿಗೆ ಪತ್ರ ಬರೆದರು. ಹಸ್ತಪ್ರತಿಯನ್ನು ನೋಡುವ ಮೊದಲೇ ಪ್ರಕಾಶಕರು ಮರುಟಪಾಲಿನಲ್ಲಿ ಬೇಡವೆಂದರು. ಆ ಕಾದಂಬರಿಯೇ ತಿದ್ದುಪಡಿಗೊಂಡು 1813ರಲ್ಲಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಆಗಿ ಬಂತು. ಅದನ್ನು ನೋಡಲು ತಂದೆ ಉಳಿದಿರಲಿಲ್ಲ, 1805ರಲ್ಲೇ ತೀರಿಕೊಂಡಿದ್ದರು.

1798ರ ಅಕ್ಟೋಬರ್‌ನಲ್ಲಿ ಪ್ರಯಾಣದ ನಡುವೆ ಡಾರ್ಟ್‌ಫರ್ಡ್ ಎಂಬಲ್ಲಿ ತಂಗಿದ್ದಾಗ ಜೇನ್ ಅವರ ಬರೆಯುವ ಪೆಟ್ಟಿಗೆ ತಪ್ಪಿ ಬೇರೊಂದು ಗಾಡಿಗೆ ಸೇರಿ ಹೊರಟೇಹೋಗಿತ್ತು. ಆ ಗಾಡಿಯ ಪ್ರಯಾಣಿಕರು ವೆಸ್ಟ್ ಇಂಡೀಸ್‌ಗೆ ಹಡಗು ಹತ್ತುವವರು. ಕುದುರೆ ಸವಾರನನ್ನು ಅಟ್ಟಿ ಎರಡು ಮೂರು ಮೈಲಿ ದೂರದಲ್ಲಿ ಅದನ್ನು ಹಿಡಿದು ತರಿಸಬೇಕಾಯಿತು. ಆಸ್ಟಿನ್ ವಂಶದಲ್ಲೇ ಉಳಿದುಬಂದ ತಂದೆಯ ಪೆಟ್ಟಿಗೆ 1999ರಲ್ಲಿ ಬ್ರಿಟಿಷ್ ಲೈಬ್ರರಿಗೆ ಸೇರಿತು.

ಇನ್ನೊಬ್ಬ ಪಾದ್ರಿಯ ಕಥೆಯೂ ಇಂಥದೇ. ಯಾರ್ಕ್‌ಷೈರಿನ ಹಾವರ್ತ್‌ನ ಪ್ಯಾಟ್ರಿಕ್ ಬ್ರಾಂಟೆ 1826ರ ಜೂನ್‌ನಲ್ಲಿ ಲೀಡ್ಸ್ ಪಟ್ಟಣಕ್ಕೆ ಹೋಗಿ ಬರುವಾಗ ಮಗನಿಗೆಂದು ಹನ್ನೆರಡು ಮರದ ಸೈನಿಕ ಬೊಂಬೆಗಳನ್ನು ತಂದರು. ಮಗನ ಜತೆ ಮೂವರು ಹೆಣ್ಣುಮಕ್ಕಳೂ ತಲಾ ಒಂದೊಂದು ಸೈನಿಕನನ್ನು ಆರಿಸಿಕೊಂಡು ಹೆಸರಿಟ್ಟರು. ಬೊಂಬೆಗಳಿಗೆ ರಾಜ್ಯ ಹುಟ್ಟಿತು, ಯುದ್ಧ ಹುಟ್ಟಿತು, ಪತ್ರಿಕೆಯೂ ಹುಟ್ಟಿತು. ಬೊಂಬೆಗಳ ಅಳತೆಗೆ ತಕ್ಕಂತೆ ಅಂಗೈಗಿಂತ ಚಿಕ್ಕ ಪುಸ್ತಕಗಳನ್ನು ಮಕ್ಕಳು ಕೈಯಲ್ಲೇ ಬರೆದು ಹೊಲಿದರು. ಆ ಮೂವರು ಹುಡುಗಿಯರೇ ಶಾರ್ಲೆಟ್, ಎಮಿಲಿ ಮತ್ತು ಆನ್. ಮೂವರ ಕಾದಂಬರಿಗಳೂ 1847ರಲ್ಲಿ ಅಚ್ಚಾದವು.

ದಾರ ಕಟ್ಟಿದ ಉಡುಗೊರೆ

ಎಲ್ಲ ಉಡುಗೊರೆಯೂ ಇಷ್ಟು ನಿರಾಳವಲ್ಲ. ಅಮೆರಿಕದ ಕರಿಯ ಲೇಖಕಿ ಜೋರಾ ನೀಲ್ ಹರ್ಸ್ಟನ್ ಅವರ ಅನುಭವ ಇದಕ್ಕೆ ಸಾಕ್ಷಿ. 1927ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ಸಿಗೆ ಎರಡೂವರೆ ವಾರ ಮೊದಲು, ನ್ಯೂಯಾರ್ಕಿನ ಶ್ರೀಮಂತ ಬಿಳಿಯ ಮಹಿಳೆ ಷಾರ್ಲಟ್ ಆಸ್‌ಗುಡ್ ಮೇಸನ್ ಜತೆ ಅವರು ಒಂದು ಕರಾರಿಗೆ ಸಹಿ ಹಾಕಿದರು. ತಿಂಗಳಿಗೆ 200 ಡಾಲರ್, ಜತೆಗೆ ಓಡಾಡಲು ಕಾರು, ಚಿತ್ರ ತೆಗೆಯಲು ಸಿನಿಮಾ ಕ್ಯಾಮೆರಾ. ದಕ್ಷಿಣದ ಕರಿಯ ಜನರ ಕಥೆ, ಹಾಡು, ನಂಬಿಕೆಗಳನ್ನು ಸಂಗ್ರಹಿಸಬೇಕು. ಆದರೆ ಸಂಗ್ರಹಿಸಿದ್ದೆಲ್ಲ ಮೇಸನ್ ಸ್ವತ್ತು. ಅವರ ಅನುಮತಿಯಿಲ್ಲದೆ ಏನನ್ನೂ ಪ್ರಕಟಿಸುವಂತಿರಲಿಲ್ಲ. ತನ್ನನ್ನು ‘ಗಾಡ್‌ಮದರ್’ ಎಂದೇ ಕರೆಯಬೇಕೆಂಬ ಅಪೇಕ್ಷೆ ಬೇರೆ. ಇದೇ ಮೇಸನ್ ನೆರವಿನಲ್ಲಿ ತಮ್ಮ ಮೊದಲ ಕಾದಂಬರಿ ಬರೆದ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1930ರಲ್ಲಿ ಅವರಿಂದ ದೂರವಾದರು.

ಹರ್ಸ್ಟನ್ ತಮ್ಮ ಮೊದಲ ಕಾದಂಬರಿ ಬರೆದದ್ದು ಆ ಹಣ ನಿಂತುಹೋದ ಮೇಲೆ. 1933ರಲ್ಲಿ ಅವರ ಒಂದು ಸಣ್ಣಕಥೆ ಓದಿ ಮೆಚ್ಚಿದ ಲಿಪಿನ್‌ಕಾಟ್ ಪ್ರಕಾಶನದವರು ಕಾದಂಬರಿ ಇದೆಯೇ ಎಂದು ಕೇಳಿದರು. ಇರಲಿಲ್ಲ. ಫ್ಲಾರಿಡಾದಲ್ಲಿ ವಾರಕ್ಕೆ ಒಂದೂವರೆ ಡಾಲರ್ ಬಾಡಿಗೆಯ ಒಂದೇ ಕೋಣೆಯ ಮನೆ ಹಿಡಿದು ಬರೆಯಲು ಕುಳಿತರು. ಮುಗಿದಾಗ ಹಸ್ತಪ್ರತಿಯನ್ನು ಅಂಚೆಗೆ ಹಾಕಲು ಬೇಕಾದ 1 ಡಾಲರ್ 83 ಸೆಂಟನ್ನೂ ಸಾಲ ತರಬೇಕಾಯಿತು. ಕಾದಂಬರಿ ಸ್ವೀಕೃತವಾಗಿದೆ ಎಂಬ ತಂತಿ ಬಂದ ದಿನವೇ ಬಾಡಿಗೆ ಬಾಕಿಗಾಗಿ ಮನೆ ಖಾಲಿ ಮಾಡಿಸಿದ್ದರು. ಮುಂದೆ 1936ರಲ್ಲಿ ಗುಗೆನ್‌ಹೈಮ್ ಫೆಲೋಷಿಪ್ ದೊರೆತು ಹೈಟಿಗೆ ಹೋದಾಗ ತಮ್ಮ ಅತಿ ಪ್ರಸಿದ್ಧ ಕಾದಂಬರಿ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಅನ್ನು ಏಳೇ ವಾರಗಳಲ್ಲಿ ಮುಗಿಸಿದರು. ಹಣ ಎರಡು ಕಡೆಯಿಂದಲೂ ಬಂದಿತ್ತು. ಒಂದು ಹಣ ಬರೆದದ್ದರ ಒಡೆತನ ಕೇಳಿತು, ಇನ್ನೊಂದು ಕೇಳಲಿಲ್ಲ.

ಲೇಖಕಿಗೆ ಬೇಕಾದದ್ದು ವರ್ಷಕ್ಕೆ 500 ಪೌಂಡ್ ಮತ್ತು ತನ್ನದೇ ಆದ ಒಂದು ಕೋಣೆ ಎಂದು ವರ್ಜೀನಿಯಾ ವುಲ್ಫ್ 1929ರಲ್ಲಿ ವಾದಿಸಿದ್ದು ಇದೇ ಅರ್ಥದಲ್ಲಿ. ಯಾರ ಮುಲಾಜೂ ಇಲ್ಲದ ಹಣ, ಯಾರೂ ಬಾಗಿಲು ತಟ್ಟದ ಹೊತ್ತು.

ಬ್ರೌನ್ ದಂಪತಿಗಳ ಜೂಜು

ಹಾರ್ಪರ್ ಲೀ ಅವರಿಗೆ ಇಲ್ಲದಿದ್ದದ್ದೂ ಅದೇ. ಅಲಬಾಮಾ ರಾಜ್ಯದ ಮನ್ರೋವಿಲ್ ಎಂಬ ಪುಟ್ಟ ಊರಿನ ವಕೀಲರ ಮಗಳು. ಕಾನೂನು ಓದನ್ನು ಅರ್ಧಕ್ಕೆ ಬಿಟ್ಟು 1949ರಲ್ಲಿ ನ್ಯೂಯಾರ್ಕಿಗೆ ಬಂದರು. ಹಗಲು ವಿಮಾನ ಕಂಪನಿಯಲ್ಲಿ ಟಿಕೆಟ್ ಕಾಯ್ದಿರಿಸುವ ಗುಮಾಸ್ತೆಯ ಕೆಲಸ, ಉಳಿದ ವೇಳೆಯಲ್ಲಿ ಬರವಣಿಗೆ. ಹೀಗೆ ಏಳು ವರ್ಷ ಕಳೆದಿತ್ತು. ರಜೆ ಸಾಲದೆ ಆ ಕ್ರಿಸ್‌ಮಸ್ಸಿಗೂ ಊರಿಗೆ ಹೋಗಲಾಗದೆ ಬ್ರೌನ್ ಅವರ ಮನೆಗೆ ಬಂದಿದ್ದರು.

ಈ ಗೆಳೆಯರ ನಡುವೆ ಒಂದು ಮೋಜಿನ ಪದ್ಧತಿ ಇತ್ತು. ಅತಿ ಕಡಿಮೆ ಖರ್ಚಿನಲ್ಲಿ ಅತಿ ಜಾಣತನದ ಉಡುಗೊರೆ ಯಾರು ಕೊಡುತ್ತಾರೆಂಬ ಪೈಪೋಟಿ. ಲೀ ಆ ಸಲ ಮೈಕಲ್‌ಗೆ ತಂದಿದ್ದು 35 ಸೆಂಟಿನ ಒಂದು ಚಿತ್ರ. ಬ್ರೌನ್ ದಂಪತಿಗಳು ಮಾತ್ರ ನಿಯಮ ಮುರಿದಿದ್ದರು. ಆ ವರ್ಷ ಒಂದು ಸಂಗೀತ ಕಾರ್ಯಕ್ರಮದಿಂದ ಮೈಕಲ್‌ಗೆ ಒಂದಿಷ್ಟು ಹಣ ಬಂದಿತ್ತು. ಇದು ದೊಡ್ಡ ಜೂಜಲ್ಲವೇ, ಮಕ್ಕಳಿಗೆ ಕಾಯಿಲೆ ಕಸಾಲೆ ಬಂದರೆ ಏನು ಗತಿ ಎಂದು ಲೀ ಕೇಳಿದರು. ಜೂಜಲ್ಲ, ನಿಶ್ಚಯವಾಗಿ ಫಲಿಸುವಂಥದು ಎಂದು ಅವರು ಉತ್ತರಿಸಿದರು. ಏನು ಬರೆಯಬೇಕೆಂದು ಹೇಳಲಿಲ್ಲ, ಯಾವಾಗ ಮುಗಿಯುತ್ತದೆಂದು ಕೇಳಲಿಲ್ಲ.

ಫಲ ಬೇಗ ಕಂಡಿತು. 1957ರ ಜನವರಿಯಿಂದಲೇ ಲೀ ಸುಮಾರು ಐವತ್ತೈವತ್ತು ಪುಟಗಳನ್ನು ತಮ್ಮ ಏಜೆಂಟ್ ಮಾರಿಸ್ ಕ್ರೇನ್ ಕೈಗೆ ಒಪ್ಪಿಸತೊಡಗಿದರು. ಆ ಹಸ್ತಪ್ರತಿಯ ಹೆಸರು ‘ಗೋ ಸೆಟ್ ಎ ವಾಚ್‌ಮನ್’. ಹರ್ಸ್ಟನ್ ಅವರ ಪುಸ್ತಕಗಳನ್ನು ಹಿಂದೆ ತಂದಿದ್ದ ಲಿಪಿನ್‌ಕಾಟ್ ಸಂಸ್ಥೆಯೇ ಇದನ್ನೂ ಒಪ್ಪಿಕೊಂಡಿತು. ಆದರೆ ಇದ್ದ ಹಾಗೆ ಅಚ್ಚು ಹಾಕಲು ಸಂಪಾದಕಿ ಟೇ ಹೊಹಾಫ್ ಸಿದ್ಧರಿರಲಿಲ್ಲ. ತಿದ್ದಿ, ಕೆಡವಿ, ಮತ್ತೆ ಕಟ್ಟಿ ಬರೆಯುವುದರಲ್ಲಿ ಎರಡು ವರ್ಷಕ್ಕೂ ಮೀರಿ ಹಿಡಿಯಿತು. ಕೊನೆಗೆ ಬಂದದ್ದು ಮಾಡದ ತಪ್ಪಿಗೆ ಕಟಕಟೆ ಹತ್ತಿದ ಕರಿಯನೊಬ್ಬನ ಪರ ವಾದಿಸುವ ಬಿಳಿಯ ವಕೀಲನ ಕಥೆ, ಅವನ ಪುಟ್ಟ ಮಗಳ ಬಾಯಲ್ಲಿ. 1961ರಲ್ಲಿ ಪುಲಿಟ್ಜರ್ ಬಹುಮಾನ, 1962ರಲ್ಲಿ ಸಿನಿಮಾ. ಕಾದಂಬರಿ ಹೊರಬಂದ ವರ್ಷವೇ, 1960ರ ಜನವರಿಯಲ್ಲಿ, ಜೋರಾ ನೀಲ್ ಹರ್ಸ್ಟನ್ ಫ್ಲಾರಿಡಾದ ಅನಾಥಾಲಯದಂಥ ಆಸರೆಯ ಮನೆಯೊಂದರಲ್ಲಿ ಬಡತನದಲ್ಲೇ ಕಣ್ಮುಚ್ಚಿದ್ದರು.

1961ರ ಡಿಸೆಂಬರ್‌ನಲ್ಲಿ ಲೀ ಈ ಉಡುಗೊರೆಯ ಬಗ್ಗೆ ಒಂದು ಪತ್ರಿಕೆಗೆ ಪ್ರಬಂಧ ಬರೆದರು. ಅದರಲ್ಲಿ ಗೆಳೆಯರ ಹೆಸರಿರಲಿಲ್ಲ. ಕಾದಂಬರಿಯ ಅರ್ಪಣೆಯೂ ತಂದೆಗೆ ಮತ್ತು ಅಕ್ಕನಿಗೆ. ಲೀ ತಮ್ಮ ಎರಡನೆಯ ಕಾದಂಬರಿಯನ್ನು ಕೊಡಲೇ ಇಲ್ಲ. 2015ರಲ್ಲಿ ಹೊರಬಂದದ್ದು ಆ ಹಳೆಯ ‘ವಾಚ್‌ಮನ್’ ಹಸ್ತಪ್ರತಿ. 2016ರ ಫೆಬ್ರುವರಿಯಲ್ಲಿ ಅವರು ನಿಧನರಾದರು.

ಮೈಸೂರಿನ ಓದುಗರಿಗೆ ಇಲ್ಲಿ ಇನ್ನೊಂದು ಸಂಗತಿ ನೆನಪಾಗಬಹುದು. ಲಕೋಟೆ ಮರದ ಮೇಲೆ ಕುಳಿತಿದ್ದ ಅದೇ 1956ರ ಕೊನೆಯಲ್ಲಿ ಆರ್.ಕೆ. ನಾರಾಯಣ್ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅಮೆರಿಕದಲ್ಲಿದ್ದರು. ಕ್ಯಾಲಿಫೋರ್ನಿಯದ ಬರ್ಕ್ಲಿಯ ಹೋಟೆಲ್ ಕೋಣೆಯಲ್ಲಿ ಕುಳಿತು, ತಮ್ಮೂರಿನ ಬರಗಾಲವನ್ನು ನೆನಪಿಸಿಕೊಂಡು, ‘ದಿ ಗೈಡ್’ ಬರೆದರು. 1958ರಲ್ಲಿ ಪ್ರಕಟವಾದ ಆ ಕಾದಂಬರಿಗೆ 1960ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಎಲ್ಲರೂ ಫೆಲೋಷಿಪ್ ಕೊಡಲಾರರು, ಗೆಳೆಯರ ವರ್ಷದ ಸಂಬಳವನ್ನೂ ಭರಿಸಲಾರರು. ಆದರೆ ಮನೆಯಲ್ಲಿ ಕಥೆ ಬರೆಯುವ ಅಕ್ಕನೋ ತಮ್ಮನೋ ಸೊಸೆಯೋ ಇದ್ದರೆ, ಹಬ್ಬದ ಮರುದಿನ ಅಡುಗೆಮನೆಯ ಕೆಲಸವನ್ನೂ ಮಕ್ಕಳನ್ನೂ ಅರ್ಧ ದಿನ ತಾವು ನೋಡಿಕೊಳ್ಳುವುದು ಕಷ್ಟವಲ್ಲ. ಏನು ಬರೆದೆ ಎಂದು ಸಂಜೆ ಕೇಳದಿದ್ದರೆ ಆಯಿತು.