ಕಾರವಾರದ ಐಎನ್‌ಎಸ್ ಚಪಲ್ 1971ರಲ್ಲಿ ಕರಾಚಿಗೆ ಬೆಂಕಿ ಹಚ್ಚಿತ್ತೇ?

ಡಿಸೆಂಬರ್ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಶಾಲಾ ಪ್ರವಾಸದ ಬಸ್ಸುಗಳು ಘಟ್ಟ ಇಳಿಯುತ್ತವೆ. ಗೋಕರ್ಣ, ಮುರುಡೇಶ್ವರದ ಜೊತೆ ಕಾರವಾರವೂ ಪಟ್ಟಿಯಲ್ಲಿದ್ದರೆ, ಅಲ್ಲಿನ ಟ್ಯಾಗೋರ್ ಕಡಲತೀರದಲ್ಲಿ ದಡದ ಮೇಲೆ ನಿಂತಿರುವ ಯುದ್ಧನೌಕೆಯ ಮುಂದೆ ಗ್ರೂಪ್ ಫೋಟೊ ಆಗಲೇಬೇಕು. ಆ ಫೋಟೊ ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದರೆ ಜೊತೆಗೆ ಒಂದು ಮಾತೂ ಬರುತ್ತದೆ: 1971ರ ಯುದ್ಧದಲ್ಲಿ ಪಾಕಿಸ್ತಾನದ ಕರಾಚಿ ಬಂದರನ್ನು ಸುಟ್ಟ ಹಡಗು ಇದೇ. ಡಿಸೆಂಬರ್ 4 ನೌಕಾಪಡೆ ದಿನವಾದ್ದರಿಂದ ಈ ಮಾತಿನ ಓಡಾಟ ಆಗ ಇನ್ನೂ ಹೆಚ್ಚು. ಕೆಲವು ಪ್ರವಾಸಿ ಜಾಲತಾಣಗಳಲ್ಲೂ ಹೀಗೇ ಬರೆದಿದ್ದಾರೆ.

ಇದು ನಿಜವೇ? ಅಲ್ಲ. ಹಡಗು ಅಸಲಿ, ಯುದ್ಧವೂ ಅಸಲಿ. ಆದರೆ ಆ ಹಡಗು ಆ ಯುದ್ಧದಲ್ಲಿ ಇರಲಿಲ್ಲ.

ದಿನಾಂಕ ಏನು ಹೇಳುತ್ತದೆ?

ಭಾರತ–ಪಾಕಿಸ್ತಾನ ಯುದ್ಧ ನಡೆದದ್ದು 1971ರ ಡಿಸೆಂಬರ್ 3ರಿಂದ 16ರವರೆಗೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಐಎನ್‌ಎಸ್ ಚಪಲ್ ನಮ್ಮ ನೌಕಾಪಡೆ ಸೇರಿದ್ದು 1976ರ ನವೆಂಬರ್ 4ರಂದು. ಅಂದರೆ ಯುದ್ಧ ಮುಗಿದು ಐದು ವರ್ಷ ತುಂಬಲು ತಿಂಗಳೊಪ್ಪತ್ತು ಬಾಕಿ ಇದ್ದಾಗ. ಹಡಗನ್ನು ನೌಕಾಪಡೆಗೆ ವಿಧಿವತ್ತಾಗಿ ಸೇರಿಸಿಕೊಳ್ಳುವ ದಿನವೇ ಅದರ ಹುಟ್ಟುಹಬ್ಬ ಇದ್ದಂತೆ. ಅದಕ್ಕೂ ಮುಂಚಿನ ಯಾವ ಪರಾಕ್ರಮವೂ ಅದರ ಲೆಕ್ಕಕ್ಕೆ ಬರುವುದಿಲ್ಲ.

ಚಪಲ್ ಎಂದರೆ ಇಲ್ಲಿ ನಮ್ಮ ಬಾಯಿಚಪಲ ಅಲ್ಲ. ಚುರುಕು, ಚಂಚಲ ಎಂಬ ಅರ್ಥದ ಸಂಸ್ಕೃತ ಪದ.

ಹಾಗಾದರೆ ಕರಾಚಿಗೆ ಹೋದವರು ಯಾರು?

1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ನುಗ್ಗಿದ್ದು ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು. ಬೆಂಗಾವಲಿಗೆ ಕಿಲ್ತಾನ್ ಮತ್ತು ಕಚಾಲ್ ಎಂಬ ದೊಡ್ಡ ಹಡಗುಗಳಿದ್ದವು. ದಾಳಿ ಗುಂಪಿನ ನೇತೃತ್ವ ಕಮಾಂಡರ್ ಬಬ್ರು ಭಾನ್ ಯಾದವ್ ಅವರದು. ಅವರಿಗೆ ಮಹಾವೀರ ಚಕ್ರ ಬಂತು. ನಿರ್ಘಾತ್ ಹಾರಿಸಿದ ಕ್ಷಿಪಣಿಗಳಿಗೆ ಪಾಕಿಸ್ತಾನದ ಖೈಬರ್ ಎಂಬ ಡಿಸ್ಟ್ರಾಯರ್ ಮುಳುಗಿತು. ವೀರ್, ಮುಹಾಫಿಜ್ ಎಂಬ ಹಡಗನ್ನು ಮುಳುಗಿಸಿತು. ಈ ಕಾರ್ಯಾಚರಣೆಯ ಹೆಸರು ಆಪರೇಷನ್ ಟ್ರೈಡೆಂಟ್. ನಾವು ಡಿಸೆಂಬರ್ 4ರಂದು ನೌಕಾಪಡೆ ದಿನ ಆಚರಿಸುವುದು ಇದರ ನೆನಪಿಗೇ.

ನಾಲ್ಕು ದಿನ ಬಿಟ್ಟು, ಡಿಸೆಂಬರ್ 8ರ ರಾತ್ರಿ ವಿನಾಶ್ ಎಂಬ ಇನ್ನೊಂದು ಕ್ಷಿಪಣಿ ದೋಣಿ ತಲ್ವಾರ್ ಮತ್ತು ತ್ರಿಶೂಲ್ ಹಡಗುಗಳ ಜೊತೆ ಹೋಗಿ ತನ್ನಲ್ಲಿದ್ದ ನಾಲ್ಕೂ ಕ್ಷಿಪಣಿ ಹಾರಿಸಿ ಬಂತು. ಅವುಗಳಲ್ಲಿ ಒಂದು ಕರಾಚಿಯ ಕೆಮಾರಿಯ ತೈಲ ಟ್ಯಾಂಕುಗಳಿಗೆ ಬಡಿಯಿತು. ಇದು ಆಪರೇಷನ್ ಪೈಥಾನ್.

ಈ ಕ್ಷಿಪಣಿ ದೋಣಿಗಳನ್ನು ಸೋವಿಯತ್ ಒಕ್ಕೂಟದಿಂದ ಕೊಂಡಿದ್ದು ನಮ್ಮ ಬಂದರುಗಳನ್ನು ಕಾಯಲಿಕ್ಕೆ, ಶತ್ರುವಿನ ಬಂದರಿಗೆ ನುಗ್ಗಲಿಕ್ಕಲ್ಲ. ಅವುಗಳ ಇಂಧನ ಹೆಚ್ಚು ದೂರಕ್ಕೆ ಸಾಲುತ್ತಿರಲಿಲ್ಲ. 1971ರ ಆರಂಭದಲ್ಲಿ ಎಂಟು ದೋಣಿಗಳು ದೊಡ್ಡ ಸರಕು ಹಡಗುಗಳ ಮೇಲೆ ಬಂದಾಗ ಅವನ್ನು ಎತ್ತಿ ಇಳಿಸುವಂಥ ಕ್ರೇನ್ ಮುಂಬೈಯಲ್ಲಿ ಇರಲಿಲ್ಲ. ಹಾಗಾಗಿ ಕೋಲ್ಕತ್ತದಲ್ಲಿ ಇಳಿಸಿ, ಬೇರೆ ಹಡಗುಗಳಿಗೆ ಕಟ್ಟಿ ಮುಂಬೈವರೆಗೆ ಎಳೆದು ತಂದರು. ಕಾವಲಿಗೆ ಅಂತ ತಂದ ದೋಣಿಯನ್ನು ದಾಳಿಗೂ ಒಯ್ಯಬಹುದು ಎಂದು ಯೋಚಿಸಿದ್ದರಲ್ಲೇ ನೌಕಾಪಡೆಯ ಜಾಣ್ಮೆ ಇದ್ದದ್ದು.

ಗೊಂದಲ ಎಲ್ಲಿಂದ ಬಂತು?

ಚಪಲ್ ಕೂಡ ಅದೇ ಮನೆತನದ್ದು. ಸೋವಿಯತ್ ವಿನ್ಯಾಸದ ಈ ದೋಣಿಗಳಿಗೆ ಓಸಾ ಎಂದು ಹೆಸರು. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ಕಣಜದ ಹುಳು. ಗಾತ್ರದಲ್ಲಿ ಸಣ್ಣದು, ಕಚ್ಚಿದರೆ ಜೋರು. ಕರಾಚಿಗೆ ಹೋದವು ಮೊದಲ ಪೀಳಿಗೆಯ ಓಸಾ-1. ಅವು ಚೆನ್ನಾಗಿ ಕೆಲಸ ಮಾಡಿದ್ದರಿಂದ ನೌಕಾಪಡೆ ಸುಧಾರಿಸಿದ ಓಸಾ-2 ಮಾದರಿಯ ಎಂಟು ದೋಣಿಗಳನ್ನು 1976–77ರಲ್ಲಿ ತರಿಸಿಕೊಂಡಿತು. ಅವುಗಳಲ್ಲಿ ಒಂದು ಚಪಲ್. ಅಂದರೆ ಕರಾಚಿ ದಾಳಿ ಮಾಡಿದ್ದು ಚಪಲ್ ಅಲ್ಲ. ಕರಾಚಿ ದಾಳಿಯ ಯಶಸ್ಸಿನಿಂದಾಗಿ ಚಪಲ್ ಭಾರತಕ್ಕೆ ಬಂತು. ಫಾರ್ವರ್ಡಿನಲ್ಲಿ ಅಕ್ಕನ ಕೆಲಸ ತಂಗಿಯ ಹೆಸರಿಗೆ ಹೋಗಿದೆ, ಅಷ್ಟೇ.

ಇದನ್ನು ನಿಮ್ಮ ಮೊಬೈಲಿನಲ್ಲಿರುವ ಫೋಟೊದಲ್ಲೇ ನೋಡಬಹುದು. ಹಡಗಿನ ಎರಡೂ ಬದಿಗೆ ಎರಡೆರಡರಂತೆ ನಾಲ್ಕು ಕ್ಷಿಪಣಿ ಗೂಡುಗಳಿವೆ. ಅವು ಪೀಪಾಯಿಯಂತೆ ದುಂಡಗಿದ್ದರೆ ಓಸಾ-2. 1971ರ ಕಪ್ಪು-ಬಿಳುಪು ಫೋಟೊಗಳಲ್ಲಿ ಕಾಣುವ ಓಸಾ-1 ದೋಣಿಗಳ ಗೂಡುಗಳು ಚಪ್ಪಟೆ ಗೋಡೆಯ ಪೆಟ್ಟಿಗೆಯಂತೆ ಇವೆ. ಹೊಸ ಮಾದರಿಯ ಕ್ಷಿಪಣಿಗೆ ಮಡಚುವ ರೆಕ್ಕೆ ಬಂದದ್ದರಿಂದ ಅಗಲವಾದ ಪೆಟ್ಟಿಗೆ ಬೇಕಾಗಲಿಲ್ಲ, ದುಂಡನೆಯ ಕೊಳವೆ ಸಾಕಾಯಿತು.

ಚಪಲ್ ಉದ್ದ ಸುಮಾರು 38.6 ಮೀಟರ್. ಪೂರ್ತಿ ತುಂಬಿದಾಗ ತೂಕ ಸುಮಾರು 245 ಟನ್, ಅಂದರೆ ನಮ್ಮ ಕಡೆಯ ಹತ್ತು-ಹನ್ನೆರಡು ಡಬಲ್ ಟ್ರೇಲರ್ ಕಬ್ಬು! ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ನೀರಿನ ಮೇಲೆ ಓಡುತ್ತಿತ್ತು. ಇಂಥ ದೋಣಿಯ ಒಂದೊಂದು ಕ್ಷಿಪಣಿಯ ಮೂತಿಯಲ್ಲೂ ನಾಲ್ಕೂವರೆ ಕ್ವಿಂಟಲಿಗೂ ಹೆಚ್ಚಿನ ಸ್ಫೋಟಕ ಸಿಡಿತಲೆ ಇರುತ್ತಿತ್ತು. 1967ರ ಅಕ್ಟೋಬರಿನಲ್ಲಿ ಈಜಿಪ್ಟಿನ ಇಂಥದೇ ಸಣ್ಣ ದೋಣಿಗಳು ಇದೇ ಬಗೆಯ ಕ್ಷಿಪಣಿಯಿಂದ ಇಸ್ರೇಲಿನ ಐಲಾತ್ ಎಂಬ ಡಿಸ್ಟ್ರಾಯರ್ ಮುಳುಗಿಸಿದಾಗ ಜಗತ್ತಿನ ನೌಕಾಪಡೆಗಳೆಲ್ಲ ಬೆಚ್ಚಿದ್ದವು.

ಯುದ್ಧ ಮಾಡದ ಹಡಗಿಗೆ ಮ್ಯೂಸಿಯಂ ಯಾಕೆ?

ಈ ಪ್ರಶ್ನೆ ಬರುವುದು ಸಹಜ. ಚಪಲ್ 2005ರ ಮೇ 5ರವರೆಗೆ, ಇಪ್ಪತ್ತೆಂಟೂವರೆ ವರ್ಷ ಸೇವೆಯಲ್ಲಿತ್ತು. ಆ ಅವಧಿಯಲ್ಲಿ ಎರಡು ದೇಶಗಳ ನೌಕಾಪಡೆಗಳ ನಡುವೆ 1971ರಂಥ ಕಾಳಗ ನಡೆಯಲೇ ಇಲ್ಲ. ಇಂಥ ದೋಣಿಗಳು ಕಾವಲಿಗೆ ನಿಂತಿವೆ ಎಂಬುದು ಎದುರಾಳಿಗೆ ಗೊತ್ತಿರುವುದೂ ರಕ್ಷಣೆಯ ಒಂದು ಭಾಗವೇ. ನನ್ನ ಮಟ್ಟಿಗೆ ಇದು ಕಡಿಮೆ ಮರ್ಯಾದೆಯ ಕೆಲಸವಲ್ಲ. ಆದರೆ ಚಪಲ್‌ಗೆ ಸುಳ್ಳು ಹಿರಿಮೆ ಕಟ್ಟಿದಾಗ ನಿಪಾತ್, ನಿರ್ಘಾತ್, ವೀರ್, ವಿನಾಶ್‌ನಲ್ಲಿ ಜೀವ ಪಣಕ್ಕಿಟ್ಟು ಹೋದವರ ಹೆಸರು ಅಳಿಸಿಹೋಗುತ್ತದೆ. ಪ್ರವಾಸಕ್ಕೆ ಹೋದ ಮಗು ಅದನ್ನೇ ಪ್ರಬಂಧದಲ್ಲಿ ಬರೆಯುತ್ತದೆ.

ಚಪಲ್ ನಿವೃತ್ತಿಯಾದ 26 ದಿನಕ್ಕೆ, 2005ರ ಮೇ 31ರಂದು, ಕಾರವಾರದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತು. ಮರುವರ್ಷ ಚಪಲ್ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆದುಕೊಂಡಿತು.

ಇನ್ನೊಂದು ಎಚ್ಚರ. ನೌಕಾಪಡೆ ಹಳೆಯ ಹೆಸರುಗಳನ್ನು ಹೊಸ ಹಡಗಿಗೆ ಮತ್ತೆ ಇಡುತ್ತದೆ. 2018ರ ಜನವರಿಯಲ್ಲಿ ನಿವೃತ್ತಿಯಾದ ನಿರ್ಘಾತ್, ಕರಾಚಿಗೆ ಹೋದ ನಿರ್ಘಾತ್ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ಕೂಡ 1971ರ ವಿಕ್ರಾಂತ್ ಅಲ್ಲ. ಆ ಹಳೆಯ ಹಡಗನ್ನು ಒಡೆದು ಗುಜರಿಗೆ ಹಾಕಿ ವರ್ಷಗಳಾಗಿವೆ. ಹೆಸರಿನ ಜೊತೆ ಇಸವಿಯನ್ನೂ ನೋಡಿ.

ಚಪಲ್ ಪಕ್ಕದಲ್ಲೇ ಈಗ ಟುಪೊಲೆವ್-142 ಎಂಬ ದೊಡ್ಡ ವಿಮಾನವೂ ನಿಂತಿದೆ. ಅದನ್ನೂ 1971ಕ್ಕೆ ಜೋಡಿಸಿದ ಸಂದೇಶ ಬಂದರೆ ನೆನಪಿರಲಿ: ಆ ವಿಮಾನಗಳು ಭಾರತಕ್ಕೆ ಬಂದದ್ದು 1988ರಲ್ಲಿ, ನಿವೃತ್ತಿಯಾದದ್ದು 2017ರಲ್ಲಿ.